ಕೂಗಪ್ಪ ಸೇರಿಸಿದ ಮಾತು

ಆ ದೊಡ್ಡವರ ಕಥೆ ನಿಮಗೆಲ್ಲ ಗೊತ್ತು. ಹೊಟ್ಟೆಕಿಚ್ಚಿಗೆ ಸ್ವಂತ ಅಣ್ಣಂದಿರೇ ಬಾವಿಗೆ ತಳ್ಳಿದರು, ದಾರಿಹೋಕರು ಎತ್ತಿ ಪರದೇಶದಲ್ಲಿ ಮಾರಿದರು, ಮಾಡದ ತಪ್ಪಿಗೆ ಸೆರೆಮನೆ ಕಂಡರು, ಅರಸನ ಕನಸಿಗೆ ಅರ್ಥ ಹೇಳಿ ಆ ದೇಶದ ಉಗ್ರಾಣಕ್ಕೆಲ್ಲ ಒಡೆಯರಾದರು. ಮುಂದೆ ಬರ ಬಂತು. ಅದೇ ಅಣ್ಣಂದಿರು ಧಾನ್ಯ ಬೇಡಿಕೊಂಡು ಅವರ ಮುಂದೆಯೇ ಬಂದು ನಿಂತರು. ಅಣ್ಣಂದಿರಿಗೆ ಗುರುತು ಸಿಕ್ಕಲಿಲ್ಲ, ಇವರಿಗೆ ಸಿಕ್ಕಿತು. ಪ್ರವಾದಿಗಳು ಅವರು, ಸೇಡು ಸಾಧಿಸುವ ಮನುಷ್ಯರಲ್ಲ. ಅಣ್ಣಂದಿರ ಜೊತೆ ಬಂದಿದ್ದ ಒಡಹುಟ್ಟಿದ ಕಿರಿಯ ತಮ್ಮನನ್ನು ತಮ್ಮ ಹತ್ತಿರ ಉಳಿಸಿಕೊಳ್ಳಬೇಕಿತ್ತು, ಅಷ್ಟೆ. ಅದಕ್ಕೆ ಅವನ ಗೋಣಿಯಲ್ಲಿ ಅರಸರ ಅಳತೆ ಬಟ್ಟಲನ್ನು ಇಡಿಸಿದರು. ಅಣ್ಣತಮ್ಮಂದಿರು ಹೇರು ಹೊರಿಸಿಕೊಂಡು ಊರು ಬಿಟ್ಟರು. ಆಗ ಹಿಂದಿನಿಂದ ಒಬ್ಬ ಕೂಗುತ್ತಾನೆ.

ಕೂಗಿದ, ಮುಗಿಯಿತು. ಕಥೆ ಹೇಳುವವರು ಯಾರೂ ಆಮೇಲೆ ಅವನ ಕಡೆ ತಿರುಗಿ ನೋಡುವುದಿಲ್ಲ. ಅಲ್ಲ ಕಣ್ರಿ, ಅವನಿಗೂ ಮನೆ ಮಠ, ಹೆಂಡತಿ ಮಕ್ಕಳು ಇರಲಿಲ್ಲವೇ? ಇದ್ದರು ಅಂತಲೇ ನನ್ನ ಲೆಕ್ಕ. ಗ್ರಂಥದಲ್ಲಿ ಹುಡುಕಬೇಡಿ, ಸಿಕ್ಕುವುದಿಲ್ಲ; ಇವನು ನಾನು ಕಟ್ಟಿದ ಮನುಷ್ಯ. ಆದರೆ ಇಂಥವನೊಬ್ಬ ಎಲ್ಲ ಕಚೇರಿಯ ಬಾಗಿಲಲ್ಲೂ ಇರುತ್ತಾನೆ, ಬೇಕಾದರೆ ಹೋಗಿ ನೋಡಿ.

ಊರು ಅವನನ್ನು ಕರೆಯುತ್ತಿದ್ದದ್ದು ಕೂಗಪ್ಪ ಅಂತ. ಅಪ್ಪ ಅಮ್ಮ ಇಟ್ಟ ಹೆಸರು ಹೆಂಡತಿಗಾದರೂ ನೆನಪಿತ್ತೋ ಇಲ್ಲವೋ. ಉಗ್ರಾಣದ ನೌಕರಿಯಲ್ಲಿ ಅವನಿಗಿಂತ ಕೆಳಗೆ ಇದ್ದವನು ಅಂಗಳ ಗುಡಿಸುವವನೊಬ್ಬನೇ. ಬೆಳಿಗ್ಗೆ ಚೌಕದ ಕಟ್ಟೆ ಹತ್ತಿ ಇವತ್ತು ಯಾವ ಬೀದಿಯವರಿಗೆ ಧಾನ್ಯ ಅಂತ ಸಾರಬೇಕು, ಆಮೇಲೆ ಉಗ್ರಾಣದ ಬಾಗಿಲಲ್ಲಿ ನಿಂತು ಸರದಿ ಕರೆಯಬೇಕು, ಸಂಜೆ ಬಾಗಿಲು ಮುಚ್ಚುವುದನ್ನು ಕೂಗಿ ಹೇಳಬೇಕು. ಆಳು ನೋಡಿದರೆ ಒಣಕಲು ಕಡ್ಡಿ. ಬಾಯಿ ತೆಗೆದನೋ, ಮೂರು ಬೀದಿಯಾಚೆ ಮಲಗಿದ ಕೂಸು ಎದ್ದು ಕೂರುತ್ತಿತ್ತು.

ಕೂಗುವುದು ಅಂದರೆ ಕಿರುಚುವುದು ಅಂದುಕೊಂಡವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಗಾಳಿ ಯಾವ ಕಡೆಗಿದೆ ನೋಡಬೇಕು, ಗದ್ದ ಎತ್ತಬೇಕು, ಕೊನೆಯ ಅಕ್ಷರ ಎಳೆಯಬೇಕು. ಎಲ್ಲಕ್ಕಿಂತ ಮುಖ್ಯ, ಮಾತನ್ನು ಕತ್ತರಿಸಬೇಕು. ಮೇಲಿನವರು ಹೇಳಿಕೊಡುವ ಮಾತಿಗೆ ತಲೆಯೂ ಇಲ್ಲ, ಬಾಲವೂ ಇಲ್ಲ. 'ಆದಕಾರಣ', 'ಹೀಗಿರುವಲ್ಲಿ', 'ದಯಮಾಡಿ' ಅಂತೆಲ್ಲ ಇರುತ್ತದೆ; ಇವು ಹತ್ತು ಮಾರು ಹೋಗುವುದರೊಳಗೆ ಸತ್ತು ಬೀಳುತ್ತವೆ. ಒಂದು ಉಸಿರಿಗೆ ಎಷ್ಟು ಹಿಡಿಯುತ್ತದೋ ಅಷ್ಟನ್ನೇ ಕೂಗಬೇಕು ಅನ್ನುವುದು ಅವನ ಕಸುಬಿನ ಕಟ್ಟಳೆ.

ಒಂದು ಸಲ, ದುರಸ್ತಿಯ ನಿಮಿತ್ತ ಚೌಕದ ಬಾವಿಯನ್ನು ಕೆಲಕಾಲ ಮುಚ್ಚಲಾಗುವುದು, ಜನರು ದಯಮಾಡಿ ಬಡಗಣ ಬಾವಿಯನ್ನು ಬಳಸತಕ್ಕದ್ದು ಅಂತ ಹೇಳಿ ಕಳಿಸಿದ್ದರು. ಕೂಗಪ್ಪ ಕಟ್ಟೆ ಹತ್ತಿದವನೇ, "ಬಾವಿ ಸತ್ತಿದೆ! ಬಡಗಣಕ್ಕೆ ಹೋಗಿ!" ಅಂದುಬಿಟ್ಟ. ಒಬ್ಬಳು ಅಜ್ಜಿ ಬಾವಿಗಾಗಿ ಎದೆ ಬಡಿದುಕೊಂಡು ಅತ್ತಳಂತೆ. ಊರೆಲ್ಲ ನಕ್ಕಿತು, ಆದರೆ ತಪ್ಪು ಬಾವಿಗೆ ಒಬ್ಬನೇ ಒಬ್ಬ ಹೋಗಲಿಲ್ಲ. ಅಲ್ಲಿಂದ ಮುಂದೆ ಅವನು ಕತ್ತರಿಸಿದ್ದೇ ಮಾತು, ಕೂಗಿದ್ದೇ ಹುಕುಂ. ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಒಬ್ಬಳೇ ಮಗಳು. ಅವಳ ಗಂಡ ಹೊರಗಿನವನು, ಆ ಅಣ್ಣತಮ್ಮಂದಿರ ಸೀಮೆಯವನೇ. ಬರ ಬೀಳುವುದಕ್ಕೆ ಮುಂಚೆ ಯಾರದೋ ಹೇರಿನ ಜೊತೆ ಬಂದು, ಕಾಲಿಗೆ ಹುಣ್ಣಾಗಿ ಹಿಂದೆ ಉಳಿದು, ಉಗ್ರಾಣದಲ್ಲಿ ಗೋಣಿ ಹೊಲಿಯುವ ಕೆಲಸಕ್ಕೆ ಸೇರಿಕೊಂಡಿದ್ದ. ಧಾನ್ಯ ತುಂಬಿದ ಗೋಣಿಯ ಬಾಯಿಯನ್ನು ಮಡಿಸಿ, ದಬ್ಬಳದಲ್ಲಿ ಸೆಣಬಿನ ದಾರ ಪೋಣಿಸಿ, ಮಂಡಿಯೂರಿ ಕೂತು ಬಿಗಿಯುತ್ತಿದ್ದ. ಅವನು ಹೊಲಿದ ಗೋಣಿ ಕತ್ತೆಯ ಬೆನ್ನಿನಿಂದ ಬಿದ್ದರೂ ಒಂದು ಕಾಳು ಆಚೆ ಬರುತ್ತಿರಲಿಲ್ಲ.

"ಹಿಂದುಮುಂದು ಗೊತ್ತಿಲ್ಲದವನಿಗೆ ಹೆಣ್ಣು ಕೊಡೋದಾ?" ಅಂತ ಕೂಗಪ್ಪ ಮೊದಲು ಎಗರಾಡಿದ್ದು ನಿಜ. ಆದರೆ ಹುಡುಗ ಬಲು ಜಾಣ. "ಮಾವ, ನಮ್ಮ ಕಡೆ ನಿಮ್ಮಂಥ ಗಂಟಲು ಒಂದು ಇದ್ದಿದ್ರೆ ನಮ್ಮ ಕುರಿಗಳು ತಪ್ಪಿಸ್ಕೊಳ್ತಾನೇ ಇರ್ಲಿಲ್ಲ," ಅಂದ. ಮದುವೆಗೆ ಮುಂಚೆಯೇ ಮಾವ ಅಂದುಬಿಟ್ಟಿದ್ದ ನೋಡಿ! ಕೂಗಪ್ಪ ಅಲ್ಲಿಗೆ ಕರಗಿ ನೀರಾದ. ಆಮೇಲೆ ಅವನಿಗೆ ಮಗಳಿಗಿಂತ ಅಳಿಯನ ಮೇಲೇ ಒಂದು ತೂಕ ಹೆಚ್ಚು ಪ್ರೀತಿ.

ಇನ್ನು ಆ ದಿನದ ವಿಷಯಕ್ಕೆ ಬರೋಣ. ಬೆಳಿಗ್ಗೆ ಅಣ್ಣತಮ್ಮಂದಿರ ಕತ್ತೆಗಳು ಹೊರಟು, ಊರ ಹೆಬ್ಬಾಗಿಲು ದಾಟಿ, ಧೂಳಿನಲ್ಲಿ ಸಣ್ಣಗೆ ಕಾಣುತ್ತಿದ್ದವು. ಉಗ್ರಾಣದ ಮುಂದೆ ಎಂದಿನಂತೆ ಹಸಿದವರ ಸಾಲು. ಅಷ್ಟರಲ್ಲಿ ಪಾರುಪತ್ಯಗಾರರು, ಅಂದರೆ ಉಗ್ರಾಣದ ಆಡಳಿತ ನೋಡಿಕೊಳ್ಳುವ ಹಿರಿಯ ಅಧಿಕಾರಿ, ಏದುಸಿರು ಬಿಡುತ್ತ ಓಡಿ ಬಂದರು.

"ಕೂಗಪ್ಪ, ಅವರನ್ನ ನಿಲ್ಲಿಸು! ಅರಸರ ಅಳತೆ ಬಟ್ಟಲು ಕಾಣ್ತಿಲ್ಲ, ಸ್ವಲ್ಪ ನಿಂತು ಗೋಣಿ ತೋರಿಸಿ ಹೋಗ್ಬೇಕು ಅಂತ ಕೂಗು."

ಅಷ್ಟೇ ಹೇಳಿದ್ದು. ನೆನಪಿಟ್ಟುಕೊಳ್ಳಿ. ಕೂಗಪ್ಪ ಕಟ್ಟೆ ಹತ್ತಿ ನೋಡಿದ. ದೂರವೋ ದೂರ, ಗಾಳಿ ಬೇರೆ ಎದುರಿಗೆ. ಬಟ್ಟಲು, ಕಾಣ್ತಿಲ್ಲ, ಸ್ವಲ್ಪ, ಗೋಣಿ: ಇಷ್ಟುದ್ದದ ಮಾತು ಹೆಬ್ಬಾಗಿಲನ್ನೂ ಮುಟ್ಟುವುದಿಲ್ಲ. ಓಡುವವನ ಕಾಲು ಕಟ್ಟುವ ಮಾತು ಒಂದೇ ಒಂದಿದೆ ಅಂತ ಅವನ ಕಸುಬು ಹೇಳಿತು. ಕೈಯನ್ನು ಕೆನ್ನೆಗೆ ಕೊಟ್ಟು, ಗದ್ದ ಎತ್ತಿ, ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ ಬಿಟ್ಟ.

"ಏ ಹೇರಿನವರೇ! ನೀವು ಕಳ್ಳರು!"

ಕತ್ತೆಗಳು ನಿಂತವು. ಒಂದೇ ಕೂಗಿಗೆ ಇಡೀ ಹೇರು ಗಕ್ಕನೆ ನಿಂತು ಹಿಂದಕ್ಕೆ ತಿರುಗಿತು. ಅಬ್ಬಾ, ಅವನ ಬಾಳಿನಲ್ಲೇ ಅಂಥ ಕೂಗು ಅದಕ್ಕೆ ಮುಂಚೆ ಬಂದಿರಲಿಲ್ಲ! ಅಣ್ಣತಮ್ಮಂದಿರು ಬಂದು "ಏನು ಕಳೆದಿದೆ ನಿಮ್ಮದು?" ಅಂತ ಮುಖ ಕೆಂಪಗೆ ಮಾಡಿ ಕೇಳಿದರು. "ಅರಸರ ಬಟ್ಟಲು. ತಂದುಕೊಟ್ಟವರಿಗೆ ಒಂದು ಹೇರು ಧಾನ್ಯ, ಅದಕ್ಕೆ ನಾನು ಜಾಮೀನು," ಅಂದ ಕೂಗಪ್ಪ ಎದೆಯುಬ್ಬಿಸಿ. ಒಂದೊಂದೇ ಗೋಣಿ ಬಿಚ್ಚಿದರು. ಕೊನೆಗೆ ಕಿರಿಯವನ ಗೋಣಿಯಲ್ಲಿ ಬಟ್ಟಲು ಸಿಕ್ಕಿತು. ಅವನನ್ನು ಒಳಗೆ ಕರೆದುಕೊಂಡು ಹೋದರು. ಉಳಿದವರು ತಲೆಯ ಮೇಲೆ ಕೈ ಹೊತ್ತು ತಂದೆಯ ಹತ್ತಿರ ಹೊರಟರು.

ಕೂಗಪ್ಪ ಆ ಸಂಜೆ ಎರಡು ಇಂಚು ಎತ್ತರವಾಗಿ ಮನೆಗೆ ಹೋದ. "ನೋಡಿದ್ಯೇನೇ? ಒಂದೇ ಕೂಗಿಗೆ!" ಅಂತ ಹೆಂಡತಿಯ ಮುಂದೆ ಕೊಚ್ಚಿಕೊಂಡ. ಅವಳು ಗಂಜಿ ಬಡಿಸುತ್ತ, "ಅವರು ಕಳ್ಳರು ಅಂತ ಗೋಣಿ ಬಿಚ್ಚೋಕೆ ಮುಂಚೆ ನಿಮಗೆ ಹೇಗೆ ಗೊತ್ತಾಯ್ತು?" ಅಂದಳು. ಹೆಂಗಸರಿಗೆ ಇಂಥ ಪ್ರಶ್ನೆಗಳು ಊಟದ ಹೊತ್ತಿಗೇ ಹೊಳೆಯುತ್ತವೆ. ಅವನು ತಲೆ ಬಗ್ಗಿಸಿ ಗಂಜಿ ಕುಡಿದ.

ಕೂಗನ್ನು ಹೇರಿನವರಷ್ಟೇ ಕೇಳಿದ್ದರೆ ಆಗುತ್ತಿತ್ತು. ಸಾಲಿನಲ್ಲಿ ನಿಂತ ಹಸಿದವರೆಲ್ಲ ಕೇಳಿದ್ದರು. ದಿನ ಹೋದಂತೆ ತಮ್ಮ ಪಾಲು ಯಾಕೆ ಇಳಿಯುತ್ತಿದೆ ಅಂತ ತಲೆ ಕೆಡಿಸಿಕೊಂಡಿದ್ದ ಜನಕ್ಕೆ ಕಾರಣ ಸಿಕ್ಕಿಬಿಟ್ಟಿತು: ಹೊರಗಿನವರು ಕಳ್ಳರು. ಸಿಕ್ಕಿಬಿದ್ದವನು ಕಾವಲಿನೊಳಗೆ ಭದ್ರವಾಗಿದ್ದ, ಅವನ ಕೂದಲನ್ನೂ ಮುಟ್ಟುವ ಹಾಗಿಲ್ಲ. ಉಳಿದವರು ಊರು ಬಿಟ್ಟಾಗಿತ್ತು. ಆಗ ಯಾರೋ ಕೇಳಿದರು: ಗೋಣಿ ಹೊಲಿದವನು ಯಾರು? ಅವರ ಸೀಮೆಯವನೇ ಅಲ್ಲವಾ? ಬಟ್ಟಲು ತಾನಾಗೇ ನಡೆದು ಗೋಣಿಯೊಳಗೆ ಹೋಯಿತಾ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಮಾರನೆಯ ದಿನ ಅಳಿಯನನ್ನು ನೋಡಿ ಹೆಂಗಸರು ಉಗುಳಿದರು. ಸಂಜೆ ಅವನು ಮಾವನ ಮನೆಗೆ ಬಂದು ಗೋಡೆಗೊರಗಿ ಕೂತ.

"ಮಾವ, ಆ ಒಂದು ಗೋಣಿ ನಾನು ಹೊಲೀಲೇ ಇಲ್ಲ. ಬಾಯಿ ಹಾಗೇ ಬಿಡು, ನಾನು ನೋಡ್ಕೋತೀನಿ ಅಂತ ಪಾರುಪತ್ಯಗಾರರು ತಗೊಂಡು ಹೋದ್ರು. ಇದನ್ನ ನಾನು ಹೇಳಿದ್ರೆ ದೊಡ್ಡವರ ಮೇಲೆ ಹೊರಿಸ್ತಾನೆ ಅಂತಾರೆ. ನೀವು ಒಂದು ಮಾತು ಕೇಳಿ ನೋಡ್ತೀರಾ?"

ಕೂಗಪ್ಪ ಕೇಳಲು ಹೋದ. ಪಾರುಪತ್ಯಗಾರರು ಅವನನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿದರು.

"ಹೌದಪ್ಪ, ನಾನೇ ಇಟ್ಟಿದ್ದು. ಒಡೆಯರ ಅಪ್ಪಣೆ. ಯಾಕೆ ಅಂತ ನನಗೂ ಗೊತ್ತಿಲ್ಲ. ಆದ್ರೆ ಅದರಲ್ಲಿ ಕೆಟ್ಟದ್ದೇನೂ ಇಲ್ಲ ಅಂತ ಮಾತ್ರ ಗೊತ್ತು. ಬಟ್ಟಲು ಸಿಕ್ಕ ಆ ಹುಡುಗ ಒಡೆಯರ ಜೊತೆಗೇ ಕೂತು ಊಟ ಮಾಡ್ತಿದಾನೆ." ಆಮೇಲೆ ದನಿ ತಗ್ಗಿಸಿ, "ಆದ್ರೆ ಕಳ್ಳರು ಅನ್ನು ಅಂತ ಯಾರಯ್ಯ ನಿನಗೆ ಹೇಳಿದ್ದು?" ಅಂದರು.

ಕೂಗಪ್ಪ ಹೆಬ್ಬಾಗಿಲ ಕಡೆ ಕೈ ತೋರಿಸಿದ. "ದೂರ ಇದ್ರು ಯಜಮಾನ್ರೇ. ಗಾಳಿ ಎದುರಿಗಿತ್ತು. ಉದ್ದದ ಮಾತು ಮುಟ್ತಿರ್ಲಿಲ್ಲ."

"ಬಟ್ಟಲು ಕಾಣ್ತಿಲ್ಲ ಅಂದ್ರೆ ಸುಳ್ಳಾಗ್ತಿರ್ಲಿಲ್ಲ. ಒಡೆಯರು ಸುಳ್ಳಾಡಿಸೋರಲ್ಲ. ನೀನು ನಿನ್ನ ಕೈಯಿಂದ ಒಂದು ಮಾತು ಹಾಕಿ ಒಂದು ಸೀಮೆಯ ಜನಕ್ಕೇ ಮಸಿ ಬಳಿದೆ. ಒಡೆಯರು ಒಳಗಿದ್ರು, ನೀನು ಏನು ಕೂಗಿದೆ ಅಂತ ಅವರಿಗೆ ಗೊತ್ತಿಲ್ಲ. ನಿನ್ನ ಹೊಟ್ಟೆ ಮೇಲೆ ಹೊಡೆಯೋದು ಬೇಡ ಅಂತ ನಾನೂ ಬಾಯಿ ಮುಚ್ಕೊಂಡಿದೀನಿ."

"ಹಾಗಾದ್ರೆ ಇನ್ನೊಂದು ಸಲ ಕೂಗ್ಲಾ? ಗೋಣಿಯವನದ್ದೇನೂ ತಪ್ಪಿಲ್ಲ ಅಂತ?"

"ಅಪ್ಪಣೆ ಇಲ್ಲದೆ ಕೂಗಿ ಆಗಿದ್ದು ಸಾಕು. ಒಡೆಯರ ಬಾಗಿಲು ತೆರೆದೇ ಇರುತ್ತೆ, ಬಡವರು ಬಗ್ಗರು ಎಲ್ಲರೂ ಹೋಗ್ತಾರೆ. ನೀನೂ ಹೋಗು. ನಾನು ಒಂದು ಮಾತು ಸೇರಿಸಿಬಿಟ್ಟೆ, ಹೀಗಾಯ್ತು ಅಂತ ಹೇಳು. ಅವರು ಕೂಗು ಅಂದ್ರೆ ಕೂಗು."

ನ್ಯಾಯವಾಗಿ ನೋಡಿದರೆ ಇದಕ್ಕಿಂತ ಸುಲಭದ ಕೆಲಸ ಯಾವುದಿದೆ? ಕೂಗಪ್ಪ ಒಡೆಯರ ಬಾಗಿಲಿಗೆ ಹೋದ. ಮುಂದೆ ಒಬ್ಬಳು ವಿಧವೆ, ಒಬ್ಬ ಕುಂಟ, ಒಬ್ಬ ಮುದುಕ. ಅವರೆಲ್ಲ ಒಳಗೆ ಹೋಗಿ ಮುಖ ಅರಳಿಸಿಕೊಂಡು ಬಂದರು. ಅವರನ್ನು ನೋಡುತ್ತ ನೋಡುತ್ತ ಕೂಗಪ್ಪ ಲೆಕ್ಕ ಹಾಕತೊಡಗಿದ. ಕೆಲಸ ಹೋದರೆ? ಈ ಬರದಲ್ಲಿ ಉಗ್ರಾಣದವರು ಹೊರಗೆ ಹಾಕಿದವನಿಗೆ ಒಂದು ಹಿಡಿ ಕಾಳು ಹಾಕುವವರು ಯಾರು? ಊರಿಗೆಲ್ಲ ಕೂಗುವ ಬಾಯಿ, ತನ್ನ ತಪ್ಪನ್ನು ಒಬ್ಬರ ಕಿವಿಗೆ ಹೇಳಬೇಕು ಅಂದಾಗ ತೆರೆಯಲಿಲ್ಲ. ಬಾಗಿಲು ಕಾಯುವವನು, "ನಿನ್ನ ಸರದಿ ಕೂಗಪ್ಪ. ಏನು ವಿಷಯ?" ಅಂದ.

"ಏನಿಲ್ಲ," ಅಂದ ಕೂಗಪ್ಪ. "ನಾಳೆ ಏನು ಕೂಗ್ಬೇಕು ಅಂತ ಕೇಳೋಣ ಅಂತ ಬಂದೆ."

"ಅದನ್ನ ಪಾರುಪತ್ಯಗಾರರು ಹೇಳ್ತಾರಲ್ಲ ಮಾರಾಯ."

"ಹೌದಲ್ವಾ? ಮರೆತೇಬಿಟ್ಟೆ ನೋಡು," ಅಂತ ಹಲ್ಲು ಕಿರಿದು ಅಲ್ಲಿಂದ ಕಾಲ್ಕಿತ್ತ. ಥೂ! ಕಥೆಯಲ್ಲಿ ಅವನನ್ನು ಕಟ್ಟಿದವಳು ನಾನೇ, ಆದರೂ ಈ ಜಾಗಕ್ಕೆ ಬಂದಾಗಲೆಲ್ಲ ಹಿಡಿದು ನಾಲ್ಕು ಬಾರಿಸೋಣ ಅನಿಸುತ್ತದೆ.

ಮನೆಯಲ್ಲಿ ಅಳಿಯ ಕಾಯುತ್ತ ಕೂತಿದ್ದ. ಅವನ ಮುಖ ನೋಡಿ ಕೂಗಪ್ಪನಿಗೆ ನಿಜ ಹೇಳುವ ಧೈರ್ಯ ಬರಲಿಲ್ಲ.

"ಕೇಳಿದೀನಪ್ಪ," ಅಂದ. "ಒಡೆಯರನ್ನೇ ಕೇಳಿದೀನಿ. ಅಪ್ಪಣೆ ಬರಬೇಕು. ಬಂದ ತಕ್ಷಣ ಕೂಗ್ತೀನಿ. ಅಲ್ಲೀತನಕ ಬಾಯಿ ಬಿಡಬೇಡ."

"ಅಷ್ಟು ಸಾಕು ಮಾವ," ಅಂದ ಅಳಿಯ. ನೆಮ್ಮದಿಯಿಂದ ಎದ್ದು ಮನೆಗೆ ಹೋದ. ಬೆಳಿಗ್ಗೆ ಎಂದಿನಂತೆ ದಬ್ಬಳ ತೆಗೆದುಕೊಂಡು ಕೆಲಸಕ್ಕೂ ಬಂದ.

ಆ ಬೆಳಿಗ್ಗೆ ಧಾನ್ಯ ಅರ್ಧ ಸಾಲಿಗೇ ಮುಗಿಯಿತು. ಉಳಿದವರು ನಾಳೆ ಬನ್ನಿ ಅಂತ ಕೂಗಪ್ಪ ಬಾಗಿಲಲ್ಲಿ ನಿಂತು ಕೂಗಿದ. ಬರಿಗೈಲಿ ನಿಂತ ಜನ ಅಂಗಳದತ್ತ ನೋಡಿದರು. ಅಲ್ಲಿ ಗೋಣಿಗಳ ನಡುವೆ ಅಳಿಯ ಮಂಡಿಯೂರಿ ಕೂತು ಹೊಲಿಯುತ್ತಿದ್ದ. "ಕಳ್ಳ!" ಅಂತ ಒಂದು ಹೆಣ್ಣಿನ ದನಿ ಬಂತು. ಆಮೇಲೆ ಯಾವುದು ಯಾರ ದನಿ ಅಂತ ಹೇಳಲಾಗಲಿಲ್ಲ. ಗೋಣಿ ಹೊರುವ ದೊಣ್ಣೆಗಳು ಗೋಡೆಗೆ ಒರಗಿದ್ದವು, ಅವೇ ಕೈಗೆ ಸಿಕ್ಕವು. ಹೊಡೆದವರಲ್ಲಿ ಪುಂಡರು ಯಾರೂ ಇರಲಿಲ್ಲ. ಮಡಕೆ ಮಾಡುವವನಿದ್ದ, ಎಣ್ಣೆ ಮಾರುವವನಿದ್ದ, ಮೂರು ಮಕ್ಕಳ ತಾಯಿಯೊಬ್ಬಳಿದ್ದಳು. ಕೂಗಪ್ಪ "ಬಿಡ್ರೋ! ಬಿಡ್ರೋ!" ಅಂತ ಕೂಗಿದ. ಅಷ್ಟು ದೊಡ್ಡ ಗಂಟಲು ಆ ಗಲಾಟೆಯಲ್ಲಿ ಯಾವ ಮೂಲೆಗೂ ಸಾಲಲಿಲ್ಲ. ಕಾವಲಿನವರು ಬಂದು ಬಿಡಿಸುವ ಹೊತ್ತಿಗೆ ಅಳಿಯನ ಪಕ್ಕೆಲುಬು ಮುರಿದಿತ್ತು, ಬಾಯಿಂದ ರಕ್ತ ಬರುತ್ತಿತ್ತು.

ಒಂದೇ ಕೋಣೆಯ ಮನೆ ಮಗಳು ಅಳಿಯನದು, ಚೌಕದ ಹಿಂದಿನ ಓಣಿಯಲ್ಲಿ. ಕಿಟಕಿಯ ಪಕ್ಕಕ್ಕೆ ಚಾಪೆ ಹಾಕಿ ಮಲಗಿಸಿದರು. ಬೆಳಿಗ್ಗೆ ಕಟ್ಟೆಯ ಮೇಲೆ ಮಾವ ಕೂಗಿದ್ದು ಅಲ್ಲಿಗೆ ಚೆನ್ನಾಗಿ ಕೇಳುತ್ತಿತ್ತು. ಅಳಿಯನಿಗೆ ಬೇಕಾದದ್ದು ಒಂದೇ. ಔಷಧಿ ಕೇಳಲಿಲ್ಲ, ಹೊಡೆದವರ ಹೆಸರು ಎತ್ತಲಿಲ್ಲ.

"ಒಂದೇ ಒಂದು ಸಲ ಕೂಗಿಬಿಡಿ ಮಾವ," ಅಂದ, ನೋಡಲು ಬಂದವನ ಕೈ ಹಿಡಿದುಕೊಂಡು. "ಇಲ್ಲಿಗೆ ಕೇಳಿಸುತ್ತೆ. ಕಳ್ಳ ಅನ್ನಿಸ್ಕೊಂಡು ಹೋಗೋಕೆ ಮನಸ್ಸಿಲ್ಲ."

"ಹೋಗೋದು ಎಲ್ಲಿಗೆ? ಸುಮ್ನಿರು. ಅಪ್ಪಣೆ ಬರಲಿ," ಅಂದ ಕೂಗಪ್ಪ.

ಬೆಳಗಾದರೆ ಮಗಳು ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆ ತಿರುಗಿಸುತ್ತಿದ್ದಳು. ಕಟ್ಟೆಯ ಮೇಲಿನಿಂದ ಕೂಗು ಬರುತ್ತಿತ್ತು: "ಇವತ್ತು ತೆಂಕಣ ಬೀದಿಯವರಿಗೆ!" ಮಾರನೆಯ ದಿನ, "ನೇಕಾರ ಬೀದಿಯವರಿಗೆ!" ಅಷ್ಟೇ. ಅಳಿಯ ಕಣ್ಣು ಮುಚ್ಚಿಕೊಂಡು, "ನಿಮ್ಮಪ್ಪನ ಗಂಟಲು ಇವತ್ತು ಚೆನ್ನಾಗಿದೆ. ನಾಳೆ ಬರಬಹುದು ಅಪ್ಪಣೆ," ಅನ್ನುತ್ತಿದ್ದ.

ಕೂಗಪ್ಪನ ಹೆಂಡತಿಗೆ ಒಡೆಯರ ಬಾಗಿಲಿನ ಕಥೆ ಗೊತ್ತಾಗಿಹೋಗಿತ್ತು. ಗಂಡನ ಮುಖ ಓದುವುದು ಅವಳಿಗೆ ಹೊಸದಲ್ಲ. "ರೀ, ನಿಮ್ಮ ಕಾಲಿಗೆ ಬೀಳ್ತೀನಿ, ಹೋಗಿ ಹೇಳ್ರಿ. ಅವರೇನು ಹುಲಿನಾ? ತಿಂದುಬಿಡ್ತಾರಾ?"

"ಕೆಲಸ ಹೋದ್ರೆ ಏನೇ ಮಾಡೋದು? ಈಗ ಅವರಿಗೂ ನಾವೇ ಗಂಜಿ ಕೊಡ್ತಿರೋದು. ನಾನು ಹೊರಗೆ ಬಿದ್ರೆ ಎರಡು ಮನೆ ಒಲೆ ಆರುತ್ತೆ."

ನೋಡಿ, ಅದರಲ್ಲಿ ಸುಳ್ಳಿರಲಿಲ್ಲ. ಅದೇ ಅವನನ್ನು ಹಿಡಿದುಹಾಕಿದ್ದು. ಅಳಿಯನ ಬಾಯಿಗೆ ಗಂಜಿ ಹೋಗಬೇಕಾದರೆ ಅಳಿಯನ ಹೆಸರು ಕೆಟ್ಟೇ ಇರಬೇಕಾಗಿತ್ತು. ಬಾಯಲ್ಲಿ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಆಯ್ತು, ನಾಳೆ ಹೋಗ್ತೀನಿ, ಅವನು ಸ್ವಲ್ಪ ಚೇತರಿಸಿಕೊಳ್ಳಲಿ ಅನ್ನುತ್ತಿದ್ದ. ಎರಡು ಸಲ ಹೊರಟೂ ಇದ್ದ. ಒಂದು ಸಲ ಒಡೆಯರ ಬೀದಿಯ ತಿರುವಿನವರೆಗೆ ಹೋಗಿ, ಗಂಟಲು ಕಟ್ಟಿದೆ ಅಂತ ತನಗೆ ತಾನೇ ಹೇಳಿಕೊಂಡು ವಾಪಸಾದ.

ಅಳಿಯ ಚೇತರಿಸಿಕೊಳ್ಳಲಿಲ್ಲ. ಒಂದು ಬೆಳಿಗ್ಗೆ ಕೂಗಪ್ಪ ಕಟ್ಟೆಯ ಮೇಲೆ ಬಡಗಣ ಬೀದಿಯ ಹೆಸರು ಕೂಗುತ್ತಿದ್ದಾಗ, ಅದನ್ನು ಕೇಳುತ್ತ ಕೇಳುತ್ತಲೇ ಅವನ ಉಸಿರು ನಿಂತಿತು. ಮಗಳು ಹೊರಗೆ ಬಂದು ಕಿರುಚಿದಳು. ಮಣ್ಣಿಗೆ ಬಂದವರು ಕೂಗಪ್ಪ, ಅವನ ಹೆಂಡತಿ, ಮಗಳು, ಮತ್ತೆ ತಲೆಗೆ ಬಟ್ಟೆ ಮುಚ್ಚಿಕೊಂಡು ದೂರ ನಿಂತ ಪಾರುಪತ್ಯಗಾರರು. ಕಳ್ಳನ ಹೆಣಕ್ಕೆ ಹೆಗಲು ಕೊಡುವವರು ಊರಲ್ಲಿ ಸಿಕ್ಕಲಿಲ್ಲ. ಕೂಲಿಯವರನ್ನು ಕರೆಸಿ ಎತ್ತಿಸಬೇಕಾಯಿತು.

ಆಮೇಲಿನದು ನಿಮಗೆ ಗೊತ್ತಿರುವ ಕಥೆಯೇ. ಅಣ್ಣಂದಿರು ಮತ್ತೆ ಬಂದರು, ಸೋತು ಸುಣ್ಣವಾಗಿ ಬಂದರು. ಒಡೆಯರು ತಾವು ಯಾರು ಅಂತ ಹೇಳಿಕೊಂಡರು, ಅವರನ್ನೆಲ್ಲ ಕ್ಷಮಿಸಿದರು. ಅತ್ತು ಅತ್ತು ಕಣ್ಣು ಕಳೆದುಕೊಂಡಿದ್ದ ಮುದಿ ತಂದೆಗೆ ಕಣ್ಣು ಬಂತು. ಇಡೀ ಸಂಸಾರ ಮೂಟೆ ಕಟ್ಟಿಕೊಂಡು ಊರಿಗೆ ಬಂದಿಳಿಯಿತು. ನೆನ್ನೆಯವರೆಗೆ ಹೊರಗಿನವರಿಗೆ ಉಗುಳುತ್ತಿದ್ದ ಜನ ಬೀದಿಗೆ ನೀರು ಚಿಮುಕಿಸಿ, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡಲು ನಿಂತರು. ಮಡಕೆಯವನು ಎಲ್ಲರಿಗಿಂತ ಮುಂದೆ ನಿಂತಿದ್ದ.

ಮಾತಿಗೆ ಮಾತು ಬಂದಾಗ ಅಣ್ಣಂದಿರಲ್ಲಿ ಯಾರೋ, ದಾರಿಯಲ್ಲಿ ತಮ್ಮನ್ನು ಕಳ್ಳರು ಅಂತ ಕೂಗಿದ್ದು ಈಗಲೂ ಕಿವಿಯಲ್ಲಿದೆ ಅಂದರಂತೆ. ಆ ಮಾತು ಹೇಳಿದ್ದು ಯಾರು ಅಂತ ಒಡೆಯರು ವಿಚಾರಿಸಿದರು. ಪಾರುಪತ್ಯಗಾರರು ಇನ್ನು ಮುಚ್ಚಿಡಲಿಲ್ಲ. ಕೂಗಿದ್ದನ್ನು ಹೇಳಿದರು, ಗೋಣಿಯವನನ್ನು ಹೊಡೆದದ್ದನ್ನು ಹೇಳಿದರು, ಸತ್ತದ್ದನ್ನು ಹೇಳಿದರು, ತಾವು ಬಾಯಿ ಮುಚ್ಚಿಕೊಂಡಿದ್ದನ್ನೂ ಹೇಳಿಕೊಂಡರು. ಆಮೇಲೆ ನೇರವಾಗಿ ಕೂಗಪ್ಪನ ಮನೆಗೆ ಬಂದರು.

"ಏನಂದ್ರು ಒಡೆಯರು?" ಕೂಗಪ್ಪ ಎದ್ದು ನಿಂತ. "ಕೆಲಸ ಹೋಯ್ತಾ?"

"ಇಲ್ಲ. ನಿನಗೆ ಶಿಕ್ಷೆ ಇಲ್ಲ, ನನಗೂ ಇಲ್ಲ. ಬಹಳ ಹೊತ್ತು ಅಳ್ತಿದ್ರು. ಆಮೇಲೆ, ಬಾಗಿಲು ತೆರೆದೇ ಇತ್ತಲ್ಲ, ಅವನು ಯಾಕೆ ಬರ್ಲಿಲ್ಲ ಅಂದ್ರು."

ಕೂಗಪ್ಪ ಮತ್ತೆ ಕೂತ. ಬೈದಿದ್ದರೆ, ಹೊಡೆಸಿದ್ದರೆ, ಕೆಲಸದಿಂದ ಕಿತ್ತು ಹಾಕಿದ್ದರೆ ಎಷ್ಟೋ ಹಗುರಾಗುತ್ತಿದ್ದ. ಕೆಲಸ ಉಳಿಯಿತು. ಮೊದಲ ದಿನವೇ ಹೋಗಿದ್ದರೂ ಉಳಿಯುತ್ತಿತ್ತು ಅನ್ನುವುದು ಅವನಿಗೆ ಈಗ ಗೊತ್ತಾಯಿತು.

"ನಾಳೆ ಕಟ್ಟೆ ಹತ್ತಿ ಗೋಣಿಯವನ ವಿಷಯ ಕೂಗ್ಬೇಕಂತೆ," ಅಂದರು ಪಾರುಪತ್ಯಗಾರರು. "ನಡೆದದ್ದು ನಡೆದ ಹಾಗೆ. ಒಂದು ಮಾತೂ ಸೇರಿಸಬಾರದು, ಒಂದು ಮಾತೂ ಕತ್ತರಿಸಬಾರದು."

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ಅಂದರೆ ಇದೇ. ಆದರೂ ಕೂಗಲೇಬೇಕು. ಬೆಳಿಗ್ಗೆ ಚೌಕದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೂಗಪ್ಪ ಕಟ್ಟೆಯ ಮೇಲೆ ನಿಂತ. ಹಿಂದಿನ ಓಣಿಯ ಆ ಕಿಟಕಿ ಅಲ್ಲಿಂದ ಕಾಣುತ್ತಿತ್ತು, ತೆರೆದಿತ್ತು. ಎಲ್ಲವನ್ನೂ ಕೂಗಬಹುದು, ಒಂದು ತುಂಡನ್ನು ಮಾತ್ರ ಬಿಡಬಹುದು ಅಂತ ಅವನಿಗೆ ಆಗ ಹೊಳೆಯಿತು. ಒಡೆಯರ ಬಾಗಿಲಿಗೆ ಹೋಗಿ ಕೇಳದೆ ಬಂದದ್ದು, ಕೇಳಿದೀನಿ ಅಂತ ಮನೆಯಲ್ಲಿ ಹೇಳಿದ್ದು. ಅದು ಜನಕ್ಕೆ ಯಾಕೆ ಬೇಕು? ಯಾರಿಗೂ ತಿಳಿಯುವುದಿಲ್ಲ. ಬಾಳೆಲ್ಲ ಮಾಡಿದ ಕೆಲಸ ಅದೇ, ಕತ್ತರಿಸುವುದು. ನಾಲಿಗೆಯ ತುದಿಯಲ್ಲಿ ಚಿಕ್ಕ ಮಾತು ಸಿದ್ಧವಾಗಿ ನಿಂತಿತ್ತು: ಗೋಣಿಯವನದು ತಪ್ಪಿಲ್ಲ. ಒಂದೇ ಉಸಿರು ಸಾಕು.

ಕೆಳಗೆ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಅವನನ್ನೇ ನೋಡುತ್ತಿದ್ದಳು.

ಕೂಗಪ್ಪ ಪೂರ್ತಿ ಕೂಗಿದ. ಅರಸರ ಬಟ್ಟಲು ಕದ್ದವರು ಯಾರೂ ಇಲ್ಲ. ಕಳ್ಳರು ಅಂತ ನನಗೆ ಯಾರೂ ಹೇಳಿಕೊಡಲಿಲ್ಲ, ಆ ಮಾತು ನಾನು ಸೇರಿಸಿದ್ದು. ಆ ಗೋಣಿಯನ್ನು ಗೋಣಿಯವನು ಹೊಲಿದಿರಲಿಲ್ಲ. ಅವನ ಮೇಲೆ ತಪ್ಪಿಲ್ಲ ಅಂತ ನನಗೆ ಮಾರನೆಯ ದಿನವೇ ಗೊತ್ತಿತ್ತು. ಕೂಗಲು ಅಪ್ಪಣೆ ಕೇಳಬಹುದಾಗಿತ್ತು, ಬಾಗಿಲ ತನಕ ಹೋಗಿ ಕೇಳದೆ ಬಂದೆ. ಕೇಳಿದೀನಿ ಅಂತ ಅವನಿಗೆ ಸುಳ್ಳು ಹೇಳಿದೆ. ಅವನು ಕಾಯುತ್ತಾ ಕಾಯುತ್ತಾ ಸತ್ತ. ಉಸಿರು ಸಾಲದೆ ನಡುನಡುವೆ ನಿಂತು, ಮತ್ತೆ ಶುರುಮಾಡಿ, ನಾಲ್ಕೂ ದಿಕ್ಕಿಗೆ ತಿರುಗಿ ತಿರುಗಿ ಕೂಗಿದ. ಗಂಟಲು ಒಡೆದುಹೋಯಿತು.

"ಅಯ್ಯೋ ಪಾಪ," ಅಂದಳು ಮೂರು ಮಕ್ಕಳ ತಾಯಿ. ಮಡಕೆಯವನು ನೆಲ ನೋಡಿದ. ಅಷ್ಟರಲ್ಲಿ ಉಗ್ರಾಣದ ಬಾಗಿಲು ತೆರೆಯಿತು, ಎಲ್ಲರೂ ಸಾಲು ಹಿಡಿಯಲು ಓಡಿದರು.

ಕೂಗಪ್ಪ ಮಗಳ ಮನೆಗೆ ಹೋದ. ಅವಳು ಬಾಗಿಲಲ್ಲೇ ನಿಂತಿದ್ದಳು.

"ಕೇಳಿಸ್ತಾ ಮಗಳೇ?" ಅಂದ. ದನಿ ಆಚೆ ಬರಲಿಲ್ಲ, ಬರೀ ಗಾಳಿ ಬಂತು.

"ಕೇಳಿಸ್ತು. ಇಲ್ಲಿಗೆ ದಿನಾ ಕೇಳಿಸ್ತಿತ್ತು." ಅವಳ ಕಣ್ಣು ಒಣಗಿತ್ತು. "ಕಡೇ ದಿನದವರೆಗೂ ಅವರು ನಿನ್ನ ಮೇಲೆ ಒಂದು ಮಾತು ಆಡ್ಲಿಲ್ಲ ಅಪ್ಪ. ನಾನು ಸಿಟ್ಟು ಮಾಡಿದ್ರೆ ನನ್ನನ್ನೇ ಬೈತಿದ್ರು. ನಿಮ್ಮಪ್ಪ ಕೇಳಿದಾರೆ, ದೊಡ್ಡವರೇ ತಡ ಮಾಡ್ತಿದಾರೆ, ನಿಮ್ಮಪ್ಪನ್ನ ಅನ್ನಬೇಡ ಅಂತಿದ್ರು."

ಕೂಗಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡ. "ಒಳಗೆ ಬರ್ಲಾ?"

"ಇವತ್ತು ಕೂಗಿದ್ದು ಅವರಿಗೆ ಕೇಳಿಸ್ಲಿಲ್ಲ, ಒಳ್ಳೇದೇ ಆಯ್ತು," ಅಂದಳು ಮಗಳು. "ನೀನು ಕೇಳೇ ಇರ್ಲಿಲ್ಲ ಅಂತ ಗೊತ್ತಾಗದೆ ಹೋದ್ರು."

ಅವಳು ಅವನ ಕೈಯನ್ನು ಚೌಕಟ್ಟಿನಿಂದ ಮೆಲ್ಲಗೆ ಬಿಡಿಸಿ ಬಾಗಿಲು ಹಾಕಿಕೊಂಡಳು. ಕೂಗಪ್ಪ ಓಣಿಯಲ್ಲಿ ನಿಂತೇ ಇದ್ದ. ಒಳಗೆ ಮಗಳು ಅಳುವುದು ಅವನಿಗೆ ಚೆನ್ನಾಗಿ ಕೇಳಿಸುತ್ತಿತ್ತು.